ಆರು ಅಡಿ ದೂರದ ಮಾಳಿಗೆ

ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿಮಳೆ ತೆಲಂಗಾಣ ದಾಟಿ ನಮ್ಮ ಜಿಲ್ಲೆಯ ಕಡೆ ಬರುತ್ತಿದೆ ಎಂದು ಟಿ.ವಿ. ಹೇಳಿದ ಸಂಜೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ಸೂಚನೆಯೂ ಕೆಳಗೆ ಓಡುತ್ತಿತ್ತು. ಬಸವಕಲ್ಯಾಣದ ನಮ್ಮ ಪಡಸಾಲೆಯಲ್ಲಿ ಕುಳಿತಿದ್ದ ಅಪ್ಪ ಅದನ್ನು ಓದಿ ಗಂಭೀರವಾಗಿ ತಲೆಯಾಡಿಸಿದರು.

"ಆಯ್ತು ಬಿಡು, ಇವತ್ತ ಹೋಗಂಗಿಲ್ಲ."

ನನಗೆ ನಗು ಬರಲಿಲ್ಲ. ಅದು ಕೊರೊನಾದ ಮೊದಲ ವರ್ಷ. ಅಪ್ಪನಿಗೆ ಎಪ್ಪತ್ತು ದಾಟಿತ್ತು, ದಮ್ಮಿನ ಕಾಯಿಲೆ ಬೇರೆ. ಹುಮನಾಬಾದ್ ದಾರಿಯ ಬಸ್ಸಿನಲ್ಲಿ ಕಂಡಕ್ಟರಾಗಿ ವರ್ಷಗಟ್ಟಲೆ ಧೂಳು ಕುಡಿದ ಎದೆ, ಈಗ ನಾಲ್ಕು ಹೆಜ್ಜೆ ನಡೆದರೆ ತಾನೇ ಸೀಟಿ ಊದುತ್ತಿತ್ತು. ಆ ಎದೆಗೆ ರೋಗ ಇಳಿದರೆ ಅಪ್ಪ ಉಳಿಯುವುದಿಲ್ಲ ಎಂದು ಯಾವ ಡಾಕ್ಟರೂ ನನಗೆ ಹೇಳಬೇಕಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು.

ಶಾಲೆ ಮುಚ್ಚಿ ತಿಂಗಳುಗಳಾಗಿದ್ದವು. ಪಾಠ ಮಾಡದೆ ನಾಲಿಗೆ ತುರಿಸುತ್ತಿದ್ದುದರಿಂದ ಮನೆಯನ್ನೇ ಶಾಲೆ ಮಾಡಿಕೊಂಡಿದ್ದೆ. ಬಾಗಿಲಿಗೆ ನಿಯಮಗಳ ಹಾಳೆ ಅಂಟಿಸಿದ್ದೆ: ಮಾಸ್ಕ್ ಹಾಕಿ, ಕೈ ತೊಳೆಯಿರಿ, ಆರು ಅಡಿ ದೂರ ನಿಲ್ಲಿ, ಹೊರಗಿನವರು ಹೊಸ್ತಿಲು ದಾಟಬಾರದು. ಅಕ್ಷರ ದುಂಡಗಿತ್ತು, ಕೆಳಗೆ ಕೆಂಪು ಗೆರೆ ಎಳೆದಿದ್ದೆ. ವಿದ್ಯಾರ್ಥಿ ಮಾತ್ರ ಒಬ್ಬರೇ, ಅವರೂ ಉಡಾಳ. ಜೀವನವಿಡೀ ಜನರನ್ನು ಒತ್ತೊತ್ತಿ ಬಸ್ಸಿಗೆ ತುಂಬಿದ ಅಪ್ಪನಿಗೆ ಅಂತರದ ಮಾತೇ ವಿಚಿತ್ರವಾಗಿ ಕಾಣುತ್ತಿತ್ತು. "ಆರು ಫೂಟಿನಾಗ ನಾ ಹತ್ತು ಮಂದಿ ನಿಂದರಸ್ತಿದ್ದೆ" ಎನ್ನುತ್ತಿದ್ದರು.

ಗಾಳಿಮಳೆಗೂ ನಾನು ಶಿಸ್ತಿನಿಂದಲೇ ತಯಾರಿ ನಡೆಸಿದೆ. ಅಪ್ಪನ ಔಷಧಿ, ಎದೆಗೆ ಎಳೆದುಕೊಳ್ಳುವ ಪಂಪು, ಟಾರ್ಚು, ಸಾಬೂನು, ಎಲ್ಲವನ್ನೂ ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿದೆ. ನೀರು ಕುದಿಸಿ ಕೊಡಗಳಲ್ಲಿ ತುಂಬಿದೆ. ಮನೆಯಲ್ಲಿದ್ದ ಮಾಸ್ಕುಗಳನ್ನೆಲ್ಲ ಒಟ್ಟಿಗೆ ಒಗೆದು ಹಗ್ಗಕ್ಕೆ ಹಾಕಿದೆ. ಮೂರು ದಿನ ಬಿಸಿಲೇ ಬರುವುದಿಲ್ಲ ಎಂದು ಹೇಳಿದ ಟಿ.ವಿ.ಯ ಮುಂದೆಯೇ ಹಾಕಿದೆ.

ಉಳಿದದ್ದು ಮಾಳಿಗೆ. ನಮ್ಮ ಓಣಿಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಎಂದರೆ ಮರದ ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿಯವು. ಮಳೆಗಾಲಕ್ಕೆ ಮೊದಲು ಮೇಲೆ ಕರಲು ಮಣ್ಣು ಹರಡಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಹಾಗೆ ತುಳಿದ ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ಅದು ಒಬ್ಬರ ಕೆಲಸವಲ್ಲ, ಮನೆಗೊಬ್ಬರಂತೆ ಓಣಿಯವರು ಮುಯ್ಯಿಗೆ ಬರುತ್ತಾರೆ. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ, ಸಾಲು ಕಟ್ಟಿ, ಒಂದೇ ತಾಳಕ್ಕೆ ತುಳಿಯುತ್ತಾರೆ. ಸಾಲಿನಲ್ಲಿ ಸಂದಿ ಬಿಟ್ಟರೆ ಮಾಳಿಗೆ ಅಲ್ಲೇ ಸೋರುತ್ತದೆ. ಇಂದು ನಿಮ್ಮ ಮಾಳಿಗೆ ತುಳಿದರೆ ನಾಳೆ ಅವರ ಮಾಳಿಗೆಗೆ ನೀವು ಹೋಗಬೇಕು. ಆ ಬೇಸಿಗೆಯಲ್ಲಿ ಲಾಕ್‌ಡೌನಿನ ದೆಸೆಯಿಂದ ಯಾರ ಮಾಳಿಗೆಯನ್ನೂ ತುಳಿದಿರಲಿಲ್ಲ.

ಎದುರು ಮನೆಯ ಹಿರಿಯಳು ಬಾಗಿಲಿಗೆ ಬಂದಳು. ಓಣಿಗೆಲ್ಲ ಆಕೆ ಕಾಕು, ಎಂದರೆ ಚಿಕ್ಕಮ್ಮ. ಮುಯ್ಯಿಯ ಯಜಮಾನಿಕೆಯೂ ಆಕೆಯದೇ.

"ಮುಂಜಾನಿ ಮೊದಲ ನಿಮ್ಮ ಮಾಳಗಿ ತುಳಿತೇವಿ ನೋಡವಾ. ನಿಮ್ಮಪ್ಪಗ ದಮ್ಮದ, ಥಂಡಿ ತಾಕಬಾರ್ದು."

ನಾನು ಹೊಸ್ತಿಲ ಒಳಗಿನಿಂದಲೇ ಹೇಳಿದೆ. "ಬ್ಯಾಡ್ರಿ ಕಾಕು. ಅಷ್ಟು ಮಂದಿ ಹೆಗಲಿಗೆ ಹೆಗಲ ಹಚ್ಚಿ ನಿಂತ್ರ ರೋಗ ಹಬ್ಬತದ. ನಾ ಪ್ಲಾಸ್ಟಿಕ್ ತಂದು ಹಾಸ್ತೀನಿ."

"ಪ್ಲಾಸ್ಟಿಕ್ ಹ್ಯಾಂಗ ತಡೀತದವಾ?"

"ಪ್ಲಾಸ್ಟಿಕಿನಾಗ ನೀರು ಇಳಿಯಂಗಿಲ್ರಿ, ಅದು ವಿಜ್ಞಾನ" ಎಂದು ಆಕೆಯ ಅಂಗೈಗೆ ದೂರದಿಂದಲೇ ಕೈ ಚಾಚಿ ಎರಡು ಹನಿ ಸ್ಯಾನಿಟೈಸರ್ ಬಿಟ್ಟೆ. ಆಕೆ ಅದನ್ನು ಮೂಸಿ ನೋಡಿ ಸೆರಗಿಗೆ ಒರೆಸಿಕೊಂಡಳು. "ನೀ ಓದಿದಾಕಿ ಬಿಡು" ಎಂದಳು. ಅದು ಹೊಗಳಿಕೆಯಲ್ಲ ಎಂದು ತಿಳಿಯುವಷ್ಟು ಓದು ನನಗಿತ್ತು.

ಬೇಕಾದ ಅಳತೆಯ ಪ್ಲಾಸ್ಟಿಕ್ ನಮ್ಮೂರಲ್ಲಿ ಸಿಗಲಿಲ್ಲ. ಮರುದಿನ ಬೆಳಿಗ್ಗೆಯೇ ಹುಮನಾಬಾದಿಗೆ ಹೋದೆ. ಅಲ್ಲಿ ಅಂಗಡಿಯ ಮುಂದೆ ಇಡೀ ತಾಲ್ಲೂಕೇ ನಿಂತಿತ್ತು. ಎಲ್ಲರೂ ನನ್ನ ಹಾಗೆಯೇ ಮುಂದಾಲೋಚನೆಯವರು. ನನ್ನ ದನಿ ಅಂಗಡಿಯವನಿಗೆ ಮುಟ್ಟದಿದ್ದಾಗ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಇಬ್ಬರ ನಡುವೆ ತೂರಿ, "ಇದಕ್ಕಿಂತ ದಪ್ಪಂದು ತೋರಸ್ರಿ!" ಎಂದು ಕೂಗಿದೆ. ಮೂರು ಸಲ ಕೂಗಿದೆ. ಪ್ಲಾಸ್ಟಿಕ್ ಸುರುಳಿ ಕೈಗೆ ಬಂದ ಮೇಲೆ ಮಾಸ್ಕ್ ಏರಿಸಿಕೊಂಡೆ.

ಮಧ್ಯಾಹ್ನ ನಾನೊಬ್ಬಳೇ ಮಾಳಿಗೆ ಹತ್ತಿ ಪ್ಲಾಸ್ಟಿಕ್ ಹಾಸಿ, ಸುತ್ತಲೂ ಕಲ್ಲು ಹೇರಿದೆ. ಎದುರು ಮಾಳಿಗೆಯಲ್ಲಿ ಓಣಿಯವರು ಹೆಗಲಿಗೆ ಕೈ ಹಾಕಿ ತುಳಿಯುತ್ತಿದ್ದರು. ಮಾಸ್ಕುಗಳೇನೋ ಇದ್ದವು, ಗದ್ದದ ಮೇಲೆ. ಅವರನ್ನು ನೋಡಿ ನನಗೆ ನಿಜವಾಗಿಯೂ ಮರುಕ ಹುಟ್ಟಿತು.

ಸಂಜೆಯಿಂದ ಸುರಿದ ಮಳೆ ಬೆಳಗಾದರೂ ನಿಲ್ಲಲಿಲ್ಲ. ಬೆಳಿಗ್ಗೆ ಅಪ್ಪನ ಮಂಚದ ಮೇಲಿನ ತೊಲೆಯಿಂದ ಕೆಸರಿನ ಹನಿ ಬೀಳತೊಡಗಿತು. ಅಪ್ಪ ಕುಳಿತೇ ಉಸಿರಾಡುತ್ತಿದ್ದರು, ಎದೆಯ ಸೀಟಿ ಪಡಸಾಲೆಗೂ ಕೇಳುತ್ತಿತ್ತು. ಮೇಲೆ ಹತ್ತಿ ನೋಡಿದರೆ ನನ್ನ ಪ್ಲಾಸ್ಟಿಕ್ ಕೆರೆಯಾಗಿತ್ತು. ನೀರು ಹೊರಬೀಳುವ ತಗಡಿನ ದೋಣಿಯ ಬಾಯಿಗೇ ನಾನು ಪ್ಲಾಸ್ಟಿಕ್ ಮಡಚಿ ಕಲ್ಲು ಇಟ್ಟಿದ್ದೆ. ಪ್ಲಾಸ್ಟಿಕಿನಲ್ಲಿ ನೀರು ಇಳಿಯುವುದಿಲ್ಲ, ನಿಜ. ಆದರೆ ಅಂಚು ದಾಟಿದ ನೀರು ಅಡಿಯ ಮಣ್ಣಿಗೆ ಹೊಕ್ಕಿತ್ತು, ಆ ಕೆರೆಯ ಭಾರಕ್ಕೆ ಮಾಳಿಗೆ ಕಾಲಡಿಯಲ್ಲಿ ಜಗ್ಗುತ್ತಿತ್ತು. ಕಲ್ಲು ಎಳೆಯಲು ಹೋದೆ, ಕೈ ಜಾರಿತು. ಕೆಳಗೆ ಅಪ್ಪ ಇದ್ದಾರೆ ಎನ್ನುವುದೊಂದೇ ತಲೆಯಲ್ಲಿತ್ತು. ತೊಯ್ದು ಮೂಗಿಗೆ ಅಂಟಿದ್ದ ಮಾಸ್ಕನ್ನು ಕಿತ್ತೆಸೆದು, ಓಣಿಗೆಲ್ಲ ಕೇಳುವಂತೆ ಕಿರುಚಿದೆ.

"ಕಾಕೂ!"

ಅವರು ಬಂದರು. ಯಾರೂ ನನ್ನ ನಿಯಮಗಳ ಮಾತೆತ್ತಲಿಲ್ಲ, ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಕುಡುಗೋಲಿನಿಂದ ಪ್ಲಾಸ್ಟಿಕ್ ಸೀಳಿ, ಕಲ್ಲು ಸರಿಸಿ, ದೋಣಿ ಬಿಡಿಸಿದರು. ನೀರು ಭೋರೆಂದು ಓಣಿಗೆ ಇಳಿಯಿತು.

ಕಾಕು ಒಳಗೆ ಬಂದು ತೊಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು. "ಇದು ಒಣಗೋತನಕ ಅಪ್ಪಗ ಇಲ್ಲಿ ಮಲಗಸಬ್ಯಾಡ. ನಮ್ಮ ಪಡಸಾಲಿ ಒಣ ಅದ, ಅಲ್ಲೇ ಇರ್ಲಿ."

"ನಿಮ್ಮನ್ಯಾಗ ಮಂದಿ ಭಾಳ ಇದ್ದೀರಿ ಕಾಕು. ಅಪ್ಪಗ ಏನರೆ ಹತ್ತಿದ್ರ..."

ಆಕೆ ಹೊರಗೆ ಹೋಗಿ ನಮ್ಮ ಬಾಗಿಲ ಮೇಲಿನ ಹಾಳೆಯನ್ನು ಮೆಲ್ಲಗೆ ಬಿಡಿಸಿಕೊಂಡು ತನ್ನ ಬಾಗಿಲಿಗೆ ಅಂಟಿಸಿದಳು. ಅಪ್ಪನ ಮಂಚ ಪಡಸಾಲೆಯ ಕಿಟಕಿಯ ಪಕ್ಕಕ್ಕೆ ಹೋಯಿತು, ಆಕೆಯ ಮನೆಮಂದಿ ಒಳಗಿನ ಕೋಣೆಗೆ ಸರಿದರು. ನಾನು ನಮ್ಮ ಮನೆಯ ಕೆಸರು ಬಳಿದು ತೆಗೆಯುತ್ತ ಉಳಿದೆ. ಅಪ್ಪನನ್ನು ಗಂಡಾಂತರಕ್ಕೆ ಒಪ್ಪಿಸಿಬಿಟ್ಟೆ ಎಂದು ಅತ್ತೆ.

ಮೂರನೆಯ ದಿನ ಮಳೆ ನಿಂತಿತು, ನಾಲ್ಕನೆಯ ದಿನ ಜ್ವರ ಬಂತು. ಬಂದದ್ದು ನನಗೆ. ಪರೀಕ್ಷೆಯಲ್ಲಿ ಕೊರೊನಾ ಎಂದೇ ಆಯಿತು. ಹುಮನಾಬಾದಿನ ಆ ಅಂಗಡಿಯ ಹೊರತು ನಾನು ಎಲ್ಲಿಯೂ ಜನರ ನಡುವೆ ಮಾಸ್ಕ್ ಇಳಿಸಿರಲಿಲ್ಲ, ಮಾಳಿಗೆಯ ಮೇಲಿನ ಆ ಒಂದು ಕೂಗನ್ನು ಬಿಟ್ಟರೆ. ಮಾಳಿಗೆ ಸೋರದಿದ್ದರೆ ಆ ದಿನಗಳಲ್ಲೆಲ್ಲ ಅಪ್ಪ ನನ್ನ ಜೊತೆಗೇ ಇರುತ್ತಿದ್ದರು. ಎದೆಗೆ ಎಣ್ಣೆ ತಿಕ್ಕುವವಳು ನಾನೇ, ಪಂಪು ಹಿಡಿಯುವವಳೂ ನಾನೇ. ಮನೆಗೆ ರೋಗ ತರುವವರನ್ನು ತಡೆಯಲು ಬಾಗಿಲು ಕಾಯುತ್ತ ನಿಂತಿದ್ದೆನಲ್ಲ, ರೋಗ ತಂದವಳೇ ಆ ಬಾಗಿಲನ್ನು ಒಳಗಿನಿಂದ ಕಾಯುತ್ತಿದ್ದಳು. ಓಣಿಯಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ಗುಂಪು ಕೂಡುವುದೇ ಮದ್ದು ಎಂದು ನಾನು ಹೇಳಲಾರೆ. ಅದು ಬರೀ ಪುಣ್ಯ.

ಊಟ ಎದುರು ಮನೆಯಿಂದ ಬರುತ್ತಿತ್ತು. ಕಾಕು ಮೂಗು ಮುಚ್ಚುವಂತೆ ಮಾಸ್ಕ್ ಹಾಕಿ, ಬುತ್ತಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು, ಹೆಜ್ಜೆ ಎಣಿಸುತ್ತ ಹಿಂದೆ ಸರಿದು ನಿಲ್ಲುತ್ತಿದ್ದಳು. ನನ್ನ ನಿಯಮವನ್ನು ಅಷ್ಟು ನಿಷ್ಠೆಯಿಂದ ಯಾವ ವಿದ್ಯಾರ್ಥಿಯೂ ಪಾಲಿಸಿರಲಿಲ್ಲ. ಕಿಟಕಿಯಲ್ಲಿ ಅಪ್ಪನ ಮುಖ ಕಾಣುತ್ತಿತ್ತು. ಅವರು ಕೈ ಎತ್ತುತ್ತಿದ್ದರು, ನಾನೂ ಎತ್ತುತ್ತಿದ್ದೆ.

ಹದಿನೇಳು ದಿನ ಕಳೆದು, ಡಾಕ್ಟರು ಇನ್ನು ಹೊರಗೆ ಓಡಾಡಬಹುದು ಎಂದ ಮೇಲೆ ಓಣಿ ದಾಟಿ ಹೋದೆ. ಕಾಕುವಿನ ಬಾಗಿಲಲ್ಲಿ ನನ್ನದೇ ದುಂಡಗಿನ ಅಕ್ಷರ: ಹೊರಗಿನವರು ಹೊಸ್ತಿಲು ದಾಟಬಾರದು. ಕೆಂಪು ಗೆರೆ ಮಳೆಗೆ ಸ್ವಲ್ಪ ಕಲಸಿತ್ತು. ನಾನು ಮೆಟ್ಟಿಲಿನ ಕೆಳಗೇ ನಿಂತೆ, ಒಳಗೆ ಹೋಗಲು ಧೈರ್ಯ ಬರಲಿಲ್ಲ. ಮಂಚದ ಮೇಲೆ ಕುಳಿತಿದ್ದ ಅಪ್ಪ ನನ್ನನ್ನು ನೋಡಿದರು. ಎದೆ ಸೀಟಿ ಊದುತ್ತಿದ್ದರೂ ತಮ್ಮ ಹಳೆಯ ಕಂಡಕ್ಟರ್ ದನಿ ತೆಗೆದರು.

"ಬಾಗಲಾಗ ಯಾಕ ನಿಂತೀರಿ? ಒಳಗ ಸರೀರಿ, ಒಳಗ ಸರೀರಿ! ಇನ್ನಾ ಒಬ್ಬರಿಗಿ ಜಾಗಾ ಅದ!"

ನಾನು ಒಳಗೆ ಸರಿದೆ.