ಮೇಸ್ತ್ರಿಯ ಗೆರೆ ಅಳಿಸಿದ್ದು

ನಾನು ಚಿಕ್ಕವಳಿದ್ದಾಗ ರಾಮನಗರದ ಬಂಡೆಗಳ ಬುಡದಲ್ಲಿ ಅಪ್ಪ ಕಲ್ಲು ಸೀಳುತ್ತಿದ್ದರು. ನನಗೂ ಅಕ್ಕನಿಗೂ ಉಳಿ ಮುಟ್ಟಲು ಸಿಗುತ್ತಿದ್ದದ್ದು ಆಯುಧಪೂಜೆಯ ದಿನ ಮಾತ್ರ, ಅದೂ ಕುಂಕುಮ ಇಡಲಿಕ್ಕೆ. ಹೆಣ್ಣುಮಕ್ಕಳು ಬಂಡೆಗೆ ಉಳಿ ಇಡಬಾರದಂತೆ. ಹಾಗೆಂದು ಹೇಳಿದವರು ಯಾರು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಲ ಅಪ್ಪನ ಬಲಗೈ ಹೆಬ್ಬೆರಳು ಕಲ್ಲಿಗೆ ಸಿಕ್ಕಿ ಜಜ್ಜಿಹೋಯಿತು. ಕಂಬಕ್ಕೆಂದು ಇಟ್ಟಿದ್ದ ದೊಡ್ಡ ಕಲ್ಲು ಹಾಗೇ ಬಿದ್ದಿತ್ತು. ಸಂಜೆಯೊಳಗೆ ಸೀಳದಿದ್ದರೆ ಅಪ್ಪನಿಗೆ ಅಲ್ಲಿ ಇನ್ನು ಕೆಲಸವಿಲ್ಲ ಎಂದ ಮೇಸ್ತ್ರಿ, ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆದು, ಇಲ್ಲೇ ಸೀಳಬೇಕು ಎಂದೂ ಹೇಳಿದ. ನಾನೂ ಅಕ್ಕನೂ ಸುತ್ತಿಗೆ, ಉಳಿ ಎತ್ತಿಕೊಂಡೆವು.

ಅಪ್ಪ ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿದರು. ನೀರು ಆರುತ್ತಾ ಬಂದಂತೆ ಕೂದಲಿನಷ್ಟು ಸಣ್ಣ ಎಳೆಯೊಂದು ಒದ್ದೆಯಾಗಿಯೇ ಉಳಿಯಿತು. ಅದು ಮೇಸ್ತ್ರಿಯ ಗೆರೆಗೆ ಓರೆಯಾಗಿತ್ತು. ಬೇಯಿಸಿದ ಬೆಟ್ಟದ ನೆಲ್ಲಿಕಾಯಿಯನ್ನು ಗೆರೆ ನೋಡಿ ಒತ್ತಿದರೆ ಹೋಳು ಬಿಟ್ಟುಕೊಂಡು ಬೀಜ ತಾನೇ ಕೈಗೆ ಬರುತ್ತದಲ್ಲ, ಕಲ್ಲೂ ಹಾಗೇ ತನ್ನ ಎಳೆಯುದ್ದಕ್ಕೇ ಬಿಟ್ಟುಕೊಳ್ಳುತ್ತದೆ ಎಂದು ಅಪ್ಪ ನಮಗೆ ಹೇಳಿಕೊಟ್ಟಿದ್ದರು. ಅಡ್ಡ ಒತ್ತಿದರೆ ಎರಡೂ ಹಾಳು. ಆದರೆ ಆವತ್ತು ಮೇಸ್ತ್ರಿಯ ಮುಂದೆ ಅವರು ಬಾಯಿ ಬಿಡಲಿಲ್ಲ. ಅದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ.

"ಹೆಣ್ಣೈಕ್ಳು ಬಂಡೆಗೆ ಉಳಿ ಇಕ್ಕಾದು ಎಲ್ಲಾರ ಉಂಟಾ?" ಎಂದು ಮೇಸ್ತ್ರಿ ನಕ್ಕ.

ನಾನು ಲಂಗದ ಅಂಚಿನಿಂದ ಅವನ ಗೆರೆಯನ್ನು ಉಜ್ಜಿ ಅಳಿಸಿಬಿಟ್ಟೆ.

"ನೀವು ಎಳೆದ ಗೆರೆ ಕಲ್ಲಿಗೆ ಗೊತ್ತಿಲ್ಲ ಕಣಣ್ಣ," ಎಂದೆ.

ಅಕ್ಕ ಉಳಿ ಹಿಡಿದಳು, ನಾನು ಹೊಡೆದೆ. ಎಳೆಯುದ್ದಕ್ಕೂ ಸಾಲಾಗಿ ಗುಳಿ ಕೊರೆದು, ಗುಳಿಗೊಂದು ಆಪು, ಅಂದರೆ ಕಬ್ಬಿಣದ ಬೆಣೆ, ಇಟ್ಟು, ಅಪ್ಪ ಹೇಳಿದಂತೆ ಒಂದೊಂದಕ್ಕೂ ಸರದಿಯಲ್ಲಿ ಸಣ್ಣ ಏಟು ಹಾಕಿದೆವು. ಅಂಗೈಯ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿ ಜಾರುತ್ತಿತ್ತು. ಮೂಗಿನ ತುಂಬ ಕಲ್ಲಿನ ಪುಡಿ. ಹೊತ್ತು ಇಳಿಯುವಾಗ ಕಲ್ಲಿನೊಳಗೆ ಟಕ್ ಎಂದಿತು, ಎರಡು ಹೋಳು ಬಿಟ್ಟುಕೊಂಡವು. ಮೇಸ್ತ್ರಿ ಸೀಳಿನ ಮೇಲೆ ಕೈಯಾಡಿಸಿದ, ಎಲ್ಲೂ ತಡೆಯಲಿಲ್ಲ. ಕಂಬಕ್ಕೆ ಬೇಕಾದಷ್ಟು ಉದ್ದವೂ ಸಿಕ್ಕಿತ್ತು.

ಆದರೂ ಅವನು, ಕೈ ವಾಸಿಯಾದ ಮೇಲೆ ಅಪ್ಪ ಒಬ್ಬನೇ ಬರಲಿ ಎಂದ.

"ಇಲ್ಲ," ಎಂದರು ಅಪ್ಪ. "ನಾಳಿಕೇ ಬತ್ತೀವಿ. ಮೂರು ಜನಾನೂ ಬತ್ತೀವಿ."

ಈಗ ನಿಮ್ಮ ಕಾಲದಲ್ಲಿ ಯಂತ್ರದ ಗರಗಸ ಯಾವ ಕಲ್ಲನ್ನಾದರೂ ಬೇಕಾದ ಕಡೆ ಕೊಯ್ಯುತ್ತದೆ. ನೀರು ಸುರಿದು ಕಾದು ನೋಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಅಷ್ಟೆಲ್ಲ ಬದಲಾದರೂ ಮೊನ್ನೆ ನಮ್ಮ ಬೀದಿಯ ಹುಡುಗರು, ನೀನು ಹುಡುಗಿ ಎಂದು ನನ್ನ ಮೊಮ್ಮಗಳನ್ನು ಕ್ರಿಕೆಟ್ಟಿಗೆ ಸೇರಿಸಿಕೊಳ್ಳಲಿಲ್ಲ. ಅಳುತ್ತಾ ಬಂದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಬ್ಯಾಟು ಕೈಗಿಟ್ಟು ಅಲ್ಲಿಗೇ ವಾಪಸ್ ಕಳಿಸಿದೆ.