ಹತ್ತು ಸಾವಿರದ ಒಂದು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಸಿದ್ದಾಪುರದ ಶಾಲೆಯಲ್ಲಿ ಗಣಿತ ಕಲಿಸುತ್ತ ಇಷ್ಟು ವರ್ಷವಾದರೂ ಅದು ಇಳಿದಿಲ್ಲ.

ಆವತ್ತು ಒಂಬತ್ತನೇ ತರಗತಿಗೆ ಅವಿಭಾಜ್ಯ ಸಂಖ್ಯೆಗಳ ಪಾಠವಿತ್ತು. ಒಂದರಿಂದ, ಇಲ್ಲವೇ ತನ್ನಿಂದ ಮಾತ್ರ ಭಾಗವಾಗುವ, ಬೇರೆ ಯಾರಿಗೂ ಬಗ್ಗದ ಸಂಖ್ಯೆಗಳು. ದೊಡ್ಡದೊಂದು ಉದಾಹರಣೆ ಇರಲಿ ಎಂದು ಹಲಗೆಯ ಮೇಲೆ 10001 ಬರೆದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಎಂಥಾ ಚಂದದ ಸಂಖ್ಯೆ, ಇದೂ ಅವಿಭಾಜ್ಯವೇ ಎಂದೆ. ಹಿಂದಿನ ದಿನ ಎರಡು, ಮೂರು, ಐದು ಎನ್ನುತ್ತ ನಲವತ್ತೇಳರವರೆಗೆ ಭಾಗಿಸಿ ನೋಡಿದ್ದೆ. ಯಾವುದಕ್ಕೂ ಬಗ್ಗಿರಲಿಲ್ಲ. ನೂರರವರೆಗೆ ನೋಡಬೇಕು ಎಂಬುದು ಗೊತ್ತಿದ್ದೂ ಬೇಸರವಾಗಿ ಬಿಟ್ಟಿದ್ದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಯಲಬುರ್ಗಾ ಕಡೆಯ ಕುರಿಗಾರರ ಮನೆಯವಳು.

"ಸರ್, ಎಲ್ಲೀತನ ಭಾಗಿಸಿ ನೋಡೀರಿ?"

"ನನಗ ಲೆಕ್ಕಾ ಕಲಸಾಕ ಬಂದಿಯೇನ? ಕುಂದ್ರು!"

ತರಗತಿಯೆಲ್ಲ ನಕ್ಕಿತು. ಅಲ್ಲಿಂದ ನಾಲ್ಕು ದಿನ ಅವಳು ಕೈ ಎತ್ತಲಿಲ್ಲ. ದಿನಾ ಎಲ್ಲರಿಗಿಂತ ಮೊದಲು ಏಳುತ್ತಿದ್ದ ಕೈ ಅದು. ಇನ್ನು ಏಳದೇ ಹೋದರೆ ಎಂದು ನನಗೆ ಒಳಗೊಳಗೇ ಹೆದರಿಕೆಯಾಯಿತು.

ರವಿವಾರ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಶಾಲೆ ಕಂಡವನಲ್ಲ, ಮರಳಿ ಎಂಬ ಊರಿನ ಕಣಗಳಲ್ಲಿ ಕಾಳಿನ ರಾಶಿ ಅಳೆದು ಬದುಕಿದವನು. ಮೊದಲ ಅಳತೆಗೆ ಅವನು 'ಒಂದು' ಎನ್ನುವುದಿಲ್ಲ, ಶುಭವಾಗಲೆಂದು 'ಲಾಭ' ಎನ್ನುತ್ತಾನೆ. ಆಮೇಲೆ ಎರಡು, ಮೂರು. ಗಣಿತದಲ್ಲೂ ಒಂದು ಎಂಬುದು ಅವಿಭಾಜ್ಯವೂ ಅಲ್ಲ, ಭಾಜ್ಯವೂ ಅಲ್ಲ, ತಾನೇ ಬೇರೆ ಕೂತಿದೆ. ಇದನ್ನು ಓದಿ ತಿಳಿಯುವವರೆಗೂ ನಾನು ಅಪ್ಪನ ಎಣಿಕೆಗೆ ನಾಚಿಕೊಳ್ಳುತ್ತಿದ್ದೆ.

"ರಾಶಿ ತಳಾ ಕಾಣೂ ಮುಂಚೇನ ಇಷ್ಟ ಆತಂತ ಯಾವ ಮಗಾ ಹೇಳ್ತಾನಲೇ?" ಎಂದ ಅಪ್ಪ. "ನೀ ಕಣಾ ಬಳದು ನೋಡಿದಿಯೇನು?"

ಕೈ ತೊಳೆದು ಐವತ್ತಮೂರರಿಂದ ಹಿಡಿದೆ. ಎಪ್ಪತ್ತಮೂರಕ್ಕೆ ಬಂದಾಗ ಶೇಷ ಸೊನ್ನೆ! ಎಪ್ಪತ್ತಮೂರನ್ನು ನೂರಾ ಮೂವತ್ತೇಳರಿಂದ ಗುಣಿಸಿದರೆ ಸರಿಯಾಗಿ ಹತ್ತು ಸಾವಿರದ ಒಂದು. ಅಯ್ಯೋ ಶಿವನೇ, ನಾಚಿಕೆಯಿಂದ ಮುಖ ಬಿಸಿಯಾಯಿತು.

ಸೋಮವಾರ ಆ ಗುಣಾಕಾರವನ್ನೇ ಹಲಗೆಯ ಮೇಲೆ ಬರೆದೆ. "ತಪ್ಪು ನಂದು. ಅಕಿ ಕೇಳಿದ್ದ ಖರೇ ಇತ್ತು" ಎಂದೆ. ಈ ಸಲ ಯಾರೂ ನಗಲಿಲ್ಲ. ಹುಡುಗಿಯ ಬೆಂಚಿನ ಹತ್ತಿರ ಹೋದೆ.

"ನೀ ಮನ್ಯಾಗ ಮಾಡಿ ನೋಡಿದ್ದಿಯೇನವಾ?"

ಅವಳು ನೋಟುಬುಕ್ಕು ತೆರೆದಳು. ಒಂದು ಹಾಳೆ ರಬ್ಬರು ತಿಕ್ಕಿ ತಿಕ್ಕಿ ತೆಳುವಾಗಿತ್ತು. ಪೆನ್ಸಿಲ್ ಒತ್ತಿದ ಗುರುತು ಮಾತ್ರ ಉಳಿದಿತ್ತು: 73, ಅದರ ಪಕ್ಕದಲ್ಲಿ 137.

"ಯಾಕ ಅಳಿಸಿದಿ?"

"ನೀವು ಭಾಗ ಆಗಂಗಿಲ್ಲ ಅಂದಿದ್ರಲ್ರಿ ಸರ್. ನಂದ ತಪ್ಪಿರಬೇಕಂತ ಅಳಿಸಿದ್ನಿರಿ."

ಕಿಸೆಯಿಂದ ನನ್ನ ಪೆನ್ನು ತೆಗೆದು ಅವಳಿಗೆ ಕೊಟ್ಟು, "ಅದರ ಮ್ಯಾಲೇ ಬರಿಯವಾ" ಎಂದೆ.