ಹ್ಯಾಂಡಲ್ ಇರುವ ಕಾರು

"ವೈನಿ, ಬ್ಯಾಟರಿ ಸೋತೈತಿ. ಇದನ್ನ ಗುಜರಿಗೆ ಹಾಕೂದ ಚಲೋ," ಎಂದು ಮೈದುನ ನನ್ನ ಯಜಮಾನರ ಅಂಬಾಸಿಡರ್ ಕಾರಿನ ಬಾನೆಟ್ ಬಡಿದ. ಕೊಣ್ಣೂರಿನ ನಮ್ಮ ಅಂಗಳದಲ್ಲಿ ಗುಜರಿಯವನು ಕಾದು ನಿಂತಿದ್ದ. "ನನ್ನ ಮಾರುತಿನೂ ಹಳೇದ. ಆದ್ರ ಕೀಲಿ ತಿರುವಿದ್ರ ಸಾಕು, ಓಡತೈತಿ."

ಗಂಡಸರೆದುರು ಬಾಯಿ ಬಿಡದ ನಾನು ಡಿಕ್ಕಿಯಿಂದ ಎಂಜಿನ್ ಕೈಯಲ್ಲೇ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ತಂದು ಕಾರಿನ ಮುಂಭಾಗದ ತೂತಿಗೆ ಸಿಕ್ಕಿಸಿದೆ.

"ಕೈ ಮುರಕೊಂಡೀರಿ!"

"ಹ್ಯಾಂಡಲ್ ಹಿಂದಕ್ಕ ಒದ್ದಾಗ ಹೆಬ್ಬೆರಳು ಸುತ್ತಿ ಹಿಡಿದವರ ಕೈ ಮುರೀತೈತಿ. ನಿಮ್ಮಣ್ಣ ನನಗ ಹಿಡಿಯೂದು ಕಲಿಸ್ಯಾರ. ನಿನ್ನ ಮಾರುತಿ ಬ್ಯಾಟರಿ ಸೋತ್ರ ಹ್ಯಾಂಡಲ್ ಎಲ್ಲಿ ಹಾಕ್ತಿ, ಹೇಳಪಾ?"

ಕಾರಿನೊಳಗೆ ಕೀಲಿ ತಿರುವಿ ಬಂದು, ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು ಮೇಲಕ್ಕೆಳೆದೆ. ಮೂರನೆಯ ಎಳೆತಕ್ಕೆ ಕಾರು ಗುಡುಗಿತು. ಗುಜರಿಯವನು ಕೈಮುಗಿದು ಹೊರಟ.

ಮೊಮ್ಮಕ್ಕಳೇ, ಕಾರು ಅಂಗಳದಲ್ಲೇ ಇದೆ, ಹ್ಯಾಂಡಲ್ ನನ್ನ ಹಾಸಿಗೆಯ ಕೆಳಗಿದೆ. ರಜೆಗೆ ಬನ್ನಿ, ಹೆಬ್ಬೆರಳು ಎಲ್ಲಿಡಬೇಕೆಂದು ಕಲಿಸುತ್ತೇನೆ.